ಎರಡು ಸಲ ಅಚ್ಚಾದ ಹಾಳೆಗಳು

ಯಾರಿಂದಲೂ ಭೇದಿಸಲಾಗದ ಗೂಢಲಿಪಿ ಎಂದು ಗಣಿತವೇ ಒಪ್ಪಿದ್ದು ಒನ್-ಟೈಮ್ ಪ್ಯಾಡ್. ಸಂದೇಶವನ್ನು ಅಂಕಿಗಳಾಗಿ ಬರೆದು, ಪ್ರತಿ ಅಂಕಿಗೂ ಪ್ಯಾಡಿನ ಹಾಳೆಯಲ್ಲಿರುವ ಒಂದು ಅಂಕಿಯನ್ನು ಕೂಡುವುದು, ದಶಕ ಬಿಡುವುದು. 7ಕ್ಕೆ 8 ಕೂಡಿದರೆ 5. ಆ 5 ಶತ್ರುವಿಗೆ ಸಿಕ್ಕಿತೆನ್ನಿ. ಮೂಲ ಅಂಕಿ ಸೊನ್ನೆಯಿಂದ ಒಂಬತ್ತರವರೆಗೆ ಯಾವುದೂ ಇರಬಹುದು. ಎಷ್ಟೇ ಬಲದ ಕಂಪ್ಯೂಟರ್ ತಂದು ಎಲ್ಲ ಕೀಲಿಗಳನ್ನೂ ಹಾಕಿ ನೋಡಿದರೂ ‘ನಾಳೆ ದಾಳಿ’ಯೂ ಬರುತ್ತದೆ, ಅಷ್ಟೇ ಉದ್ದದ ‘ದಾಳಿ ಬೇಡ’ವೂ ಬರುತ್ತದೆ, ನಿಜ ಯಾವುದೆಂಬ ಸುಳಿವಿಲ್ಲ. ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಸಾಧಿಸಿ ತೋರಿಸಿದರು.

ಹಾಗಾದರೆ ಭದ್ರತೆ ಇರುವುದೆಲ್ಲಿ? ಅಂಕಿಗಳು ಯಾದೃಚ್ಛಿಕವಾಗಿರಬೇಕು, ಕೀಲಿ ಸಂದೇಶದಷ್ಟೇ ಉದ್ದವಿರಬೇಕು, ಗುಟ್ಟಾಗಿರಬೇಕು, ಒಮ್ಮೆ ಬಳಸಿದ್ದನ್ನು ಮತ್ತೆ ಮುಟ್ಟಬಾರದು. ಇವುಗಳಲ್ಲಿ ಯಾವುದು ಮುಖ್ಯ ಎಂಬ ವಾದ ಮುಗಿಯುವಂಥದ್ದಲ್ಲ. ಪುಟ್ಟ ಬೀಜಸಂಖ್ಯೆಯಿಂದ ಸಾಫ್ಟ್‌ವೇರ್ ಹೆಣೆದ ಅಂಕಿಮಾಲೆಯನ್ನು ‘ಒನ್-ಟೈಮ್ ಪ್ಯಾಡ್’ ಎಂದು ಮಾರುವವರೂ ಇದ್ದಾರೆ. ಅದು ಒಳ್ಳೆಯ ಗೂಢಲಿಪಿ ಆಗಿರಬಹುದು, ಆದರೆ ಶಾನನ್ನರ ಪ್ರಮಾಣ ಅದಕ್ಕೆ ಅನ್ವಯಿಸುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚಿನ ಭಾರ ಬೀಳುವುದು ಗಣಿತದ ಮೇಲಲ್ಲ, ಹಾಳೆ ಅಚ್ಚು ಹಾಕಿ ಹಂಚುವ ಗುಮಾಸ್ತನ ಶಿಸ್ತಿನ ಮೇಲೆ.

1942ರ ಆರಂಭ. ಜರ್ಮನರು ಮಾಸ್ಕೋ ಹೊಸ್ತಿಲವರೆಗೆ ಬಂದಿದ್ದ ದಿನಗಳು. ರಾಯಭಾರ ಕಚೇರಿಗಳಿಂದ ಪ್ಯಾಡಿಗೆ ಬೇಡಿಕೆ ಏರುತ್ತಿತ್ತು. ಸೋವಿಯತ್ ಮುದ್ರಕರು ಸುಮಾರು 35,000 ಪುಟಗಳನ್ನು ಎರಡೆರಡು ಪ್ರತಿ ತೆಗೆದು ಬೇರೆ ಬೇರೆ ಪ್ಯಾಡುಗಳಲ್ಲಿ ಸೇರಿಸಿದರು. ಯಾರ ಕಣ್ಣಿಗೆ ಬಿದ್ದೀತು ಎಂದುಕೊಂಡಿರಬೇಕು! ವಾಷಿಂಗ್ಟನ್ ಸಮೀಪ, ಅಮೆರಿಕ ಸೇನೆಯ ಗೂಢಲಿಪಿ ಭೇದಕರು ಕೆಲಸ ಮಾಡುತ್ತಿದ್ದ ಆರ್ಲಿಂಗ್ಟನ್ ಹಾಲ್‌ನಲ್ಲಿ, ಶಾಲಾ ಶಿಕ್ಷಕಿಯಾಗಿದ್ದ ಜೀನ್ ಗ್ರೇಬೀಲ್ 1943ರ ಫೆಬ್ರುವರಿಯಲ್ಲಿ ಸೋವಿಯತ್ ತಂತಿ ಸಂದೇಶಗಳನ್ನು ವಿಂಗಡಿಸತೊಡಗಿದರು. ಅದೇ ವರ್ಷ, ಪುರಾತತ್ವದ ಹಿನ್ನೆಲೆಯ ರಿಚರ್ಡ್ ಹ್ಯಾಲಕ್ ವ್ಯಾಪಾರದ ಸಂದೇಶಗಳಲ್ಲಿ ಪುನರಾವರ್ತನೆಯ ಜಾಡು ಹಿಡಿದರು. ಒಂದೇ ಕೀಲಿಯ ಎರಡು ಸಂದೇಶಗಳನ್ನು ಒಂದರಿಂದೊಂದು ಕಳೆದರೆ ಕೀಲಿಯೇ ವಜಾ ಆಗುತ್ತದೆ. ಉಳಿಯುವುದು ಎರಡು ಮೂಲ ಬರಹಗಳ ವ್ಯತ್ಯಾಸ ಮಾತ್ರ. ಅದರ ಕೆಳಗೆ ಸಂಕೇತ ಪುಸ್ತಕದ ಇನ್ನೊಂದು ಪದರವಿತ್ತು. ಅದನ್ನು ವರ್ಷಗಟ್ಟಲೆ ಬಿಡಿಸುತ್ತ ಕೂತವರು ಭಾಷಾ ಪಂಡಿತ ಮೆರೆಡಿತ್ ಗಾರ್ಡನರ್. 1946ರ ಕೊನೆಗೆ ಅವರು ಓದಿದ, 1944ರ ಒಂದು ಸಂದೇಶದಲ್ಲಿ ಅಣುಬಾಂಬ್ ವಿಜ್ಞಾನಿಗಳ ಹೆಸರುಗಳಿದ್ದವು. ಬಾಂಬಿನ ಗುಟ್ಟನ್ನು ಸೋವಿಯತ್ತರಿಗೆ ದಾಟಿಸಿದ ವಿಜ್ಞಾನಿ ಕ್ಲಾಸ್ ಫುಕ್ಸ್ ಸಿಕ್ಕಿಬಿದ್ದದ್ದು ಈ ದಾರಿಯಿಂದಲೇ.

‘ನೋಡಿ, ಒನ್-ಟೈಮ್ ಪ್ಯಾಡನ್ನೂ ಒಡೆದರು’ ಎಂದು ಇದನ್ನು ಉದಾಹರಿಸುವವರು ಲೆಕ್ಕದ ಅರ್ಧವನ್ನಷ್ಟೇ ಹೇಳುತ್ತಾರೆ. 1980ರವರೆಗೆ ನಡೆದು 1995ರಲ್ಲಿ ಬಹಿರಂಗವಾದ ಈ ವೆನೋನಾ ಕಾರ್ಯಾಚರಣೆಯಲ್ಲಿ ಪೂರ್ಣವಾಗಿಯೋ ಭಾಗಶಃವೋ ಓದಲಾದ ಸಂದೇಶಗಳು ಸುಮಾರು 3,000. ಕೈಸೇರಿದ್ದವು ಲಕ್ಷಗಟ್ಟಲೆ. ಹಾಳೆಯನ್ನು ಒಂದೇ ಸಲ ಬಳಸಿದ ಕಡೆ, ಮೂವತ್ತೇಳು ವರ್ಷ ಕೂತರೂ ಅಮೆರಿಕದವರಿಗೆ ಒಂದು ಪದವೂ ದಕ್ಕಲಿಲ್ಲ.