ಹೆಣ್ಣುಹುಡುಗಿಗೆ ಇಷ್ಟು ಸಾಕಂತೆ!

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಎಂಸಿಎಗೆ ಎರಡು ಅರ್ಥಗಳಿವೆ. ಗಂಡುಹುಡುಗ ಸೇರಿದರೆ ಅದು ಬೆಂಗಳೂರು ಬಸ್ಸಿನ ಟಿಕೀಟು. ಹೆಣ್ಣುಹುಡುಗಿ ಸೇರಿದರೆ ವರ ಗೊತ್ತಾಗುವವರೆಗೆ ಕೂಡಲು ಒಂದು ಕುರ್ಚಿ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಈ ತರಗತಿಗಳಿಗೆ ಪಾಠ ಹೇಳಿದವಳು ನಾನು. ಪ್ರತಿ ವರ್ಷ ಯಾರಾದರೂ ಒಬ್ಬ ತಾಯಿ ಬಂದು ಮೆಲ್ಲಗೆ ಹೇಳುತ್ತಾರೆ: “ಮೇಡಂರೀ, ಹೆಣ್ಣಹುಡುಗಿ. ಭಾಳ ತ್ರಾಸ ಕೊಡಬ್ಯಾಡ್ರಿ. ಪಾಸಾದ್ರ ಸಾಕು, ವರಾ ನೋಡಾಕತ್ತೇವ್ರಿ.” ತಂದೆಯರು ಹೇಳಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಸ್ಟಾಫ್ ರೂಮಿನ ಮಾತೂ ಬೇರೆಯಲ್ಲ. ಹುಡುಗಿಯರು ಬಾಯಿಪಾಠದಲ್ಲಿ ಶಾಣ್ಯಾರು, ಅವರಿಗೆ ‘ಇಂಪಾರ್ಟೆಂಟ್’ ಪ್ರಶ್ನೆ ಬರೆಸಿದರಾಯಿತು. ಗಟ್ಟಿ ವಿಷಯವೆಲ್ಲ ಯಾಕೆ? ಕಂಪನಿಯವರು ಕೇಳುವ ಒಂದು ಭಾಷೆ, ಒಂದು ಹೊಸ ಸಾಫ್ಟ್‌ವೇರು ಕಲಿಸಿ ಕಳಿಸಿದರೆ ವೃತ್ತಿಪರ ಕೋರ್ಸಿನ ಕೆಲಸ ಮುಗಿಯಿತಂತೆ.

ನಾನು ಹೇಳುವುದು ಇದಕ್ಕೆ ತೀರ ಉಲ್ಟಾ. ಗಟ್ಟಿ ವಿಷಯ ಯಾರಿಗಾದರೂ ಹೆಚ್ಚು ಬೇಕಿದ್ದರೆ ಅದು ಹೆಣ್ಣುಮಕ್ಕಳಿಗೇ. ಯಾಕೆಂದರೆ ನೌಕರಿ ಬಿಡುವವಳು ಅವಳೇ. ಮದುವೆ, ಬಸಿರು, ಬಾಣಂತನ, ಅತ್ತೆಯವರ ಮೊಣಕಾಲು ಆಪರೇಷನ್ನು, ಎಲ್ಲಕ್ಕೂ ಅವಳದೇ ರಜೆ. ಐದಾರು ವರ್ಷದ ನಂತರ ಮತ್ತೆ ದುಡಿಯಬೇಕೆಂದು ಹೊರಟಾಗ ಅವಳು ಕಲಿತ ಸಾಫ್ಟ್‌ವೇರು ಸತ್ತು ಹೋಗಿರುತ್ತದೆ. ನಾನು ಪಾಠ ಶುರು ಮಾಡಿದಾಗ ವಿಷುವಲ್ ಬೇಸಿಕ್ ಬಂದರೆ ಜನ್ಮ ಸಾರ್ಥಕ ಅನ್ನುತ್ತಿದ್ದರು. 1998ರಲ್ಲಿ ಬಂದ ಅದರ ಆರನೇ ಆವೃತ್ತಿಗೆ ಮೈಕ್ರೋಸಾಫ್ಟ್ 2008ರಲ್ಲಿ ಬೆಂಬಲವನ್ನೇ ನಿಲ್ಲಿಸಿತು. ಅದೊಂದನ್ನೇ ನಂಬಿ ಮನೆಯಲ್ಲಿ ಕೂತವಳ ಗತಿಯೇನು?

ಅಣ್ಣಿಗೇರಿ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಒಂಬತ್ತು ವರ್ಷ ಮನೆ ನೋಡಿಕೊಂಡು 2013ರಲ್ಲಿ ಮತ್ತೆ ಸಂದರ್ಶನಕ್ಕೆ ಹೋದಳು. ಅಲ್ಲಿ ಕೇಳಿದ್ದು ಡೇಟಾಬೇಸ್. ಒಂದೇ ಸಂಗತಿಯನ್ನು ಎರಡು ಕಡೆ ಬರೆದಿಟ್ಟರೆ ಯಾಕೆ ಕೆಡುತ್ತದೆ, ಕೋಷ್ಟಕವನ್ನು ಹೇಗೆ ಒಡೆಯಬೇಕು ಎಂಬ ಪ್ರಶ್ನೆಗಳು. ಕೋಷ್ಟಕಗಳ ಈ ವಿಚಾರವನ್ನು ಐಬಿಎಂನ ಎಡ್ಗರ್ ಕಾಡ್ ಪ್ರಕಟಿಸಿದ್ದು 1970ರಲ್ಲಿ! ಅದಿನ್ನೂ ಹಳಸಿಲ್ಲ. ಅವಳು ಅದನ್ನು ತಿಳಿದು ಓದಿದ್ದಳು, ಕೆಲಸ ಸಿಕ್ಕಿತು. ಹೊಸ ಭಾಷೆಯನ್ನು ಎರಡು ತಿಂಗಳಲ್ಲಿ ಕಲಿತಳು.

ಗಟ್ಟಿ ವಿಷಯವೆಂದರೆ ಹೆದರಬೇಡಿ, ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ ಸುಮಾರು 9 ಲಕ್ಷ 43 ಸಾವಿರ. ಅಷ್ಟೂ ಜನರ ಹೆಸರಿನ ಪಟ್ಟಿಯಲ್ಲಿ ಒಬ್ಬರನ್ನು ಹುಡುಕಬೇಕು. ಮೊದಲಿನಿಂದ ಒಂದೊಂದೇ ನೋಡುತ್ತ ಹೋದರೆ ಒಂಬತ್ತು ಲಕ್ಷ ಸಲ ನೋಡಬೇಕಾದೀತು. ಪಟ್ಟಿ ಅಕಾರಾದಿಯಾಗಿದ್ದರೆ ನಡುವಿನ ಹೆಸರು ನೋಡಿ, ಬೇಡದ ಅರ್ಧ ಬಿಟ್ಟು, ಉಳಿದರ್ಧದ ನಡುವೆ ಮತ್ತೆ ನೋಡಿ. ಹೆಚ್ಚೆಂದರೆ ಇಪ್ಪತ್ತು ಸಲದಲ್ಲಿ ಮುಗಿಯಿತು. ಪಟ್ಟಿ ಹತ್ತು ಪಟ್ಟು ಬೆಳೆದರೂ ಮೂರು-ನಾಲ್ಕು ಸಲ ಹೆಚ್ಚು, ಅಷ್ಟೇ. ಇದನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗಿಯರ ಕಣ್ಣು ಅರಳುವುದನ್ನು ನಾನು ನೋಡಿದ್ದೇನೆ. ಇವರಿಗೆ ಇದು ಬೇಡವೆಂದು ತೀರ್ಮಾನಿಸಿದವರು ಯಾರು?

ಇನ್ನು ಕಾಲಾವಕಾಶ. ಮೂರು ವರ್ಷದ ಎಂಸಿಎ 2020-21ರಿಂದ ಎರಡೇ ವರ್ಷಕ್ಕೆ ಇಳಿಯಿತು. (ಬಿಸಿಎ ಮಾಡಿದವರಿಗೆ ಅದಕ್ಕೂ ಮೊದಲೇ ನೇರ ಎರಡನೇ ವರ್ಷಕ್ಕೆ ಪ್ರವೇಶವಿತ್ತು, ಆ ಮಾತು ಬೇರೆ.) ಖರ್ಚು ಕಡಿಮೆಯಾಯಿತೆಂದು ಮನೆಯವರಿಗೆ ಖುಷಿ. ಆದರೆ ಗಣಿತ ಓದಿದ ಬಿ.ಕಾಂ. ಹುಡುಗಿ, ನವಲಗುಂದದಿಂದ ದಿನಾ ಬಸ್ಸಿಗೆ ಓಡಾಡುವವಳು, ಈ ವಿಷಯವನ್ನು ಜೀರ್ಣಿಸಿಕೊಳ್ಳುವುದು ಯಾವಾಗ? ಕೊನೆಯ ಸೆಮಿಸ್ಟರಿನ ಬಹುಪಾಲು ಪ್ರಾಜೆಕ್ಟಿಗೇ ಹೋಗುತ್ತದೆ. ಆ ಪ್ರಾಜೆಕ್ಟನ್ನೋ ಬಹಳಷ್ಟು ಮಂದಿ ದುಡ್ಡು ಕೊಟ್ಟು ತರುತ್ತಾರೆ, ರವಿಕೆ ಹೊಲಿಸಿ ತಂದ ಹಾಗೆ. ರವಿಕೆಗಾದರೂ ಅಳತೆ ಕೊಡಬೇಕು!

“ಮೂಲತತ್ತ್ವ ಹೊಟ್ಟಿಗಿ ಹಾಕತಾವೇನ್ರಿ? ಸಾಲಾ ತೀರಸಬೇಕು” ಎಂದು ಒಬ್ಬ ತಂದೆ ನನಗೆ ಮುಖದ ಮೇಲೆ ಕೇಳಿದರು. ನ್ಯಾಯವಾದ ಪ್ರಶ್ನೆ. ಹೊಲ ಒತ್ತೆಯಿಟ್ಟವರ ಮುಂದೆ ನಾನು ತತ್ತ್ವ ಹೇಳಲಾರೆ. ಮೊದಲ ನೌಕರಿಗೆ ಬೇಕಾದ ಹೊಸ ಭಾಷೆಯನ್ನೂ ಕಲಿಸೋಣ, ಯಾರು ಬೇಡವೆಂದರು? ಆದರೆ ಸಾಲ ತೀರಿಸುವುದು ಮೊದಲ ನೌಕರಿಯೊಂದೇ ಅಲ್ಲ. ಎರಡನೆಯದು, ಮೂರನೆಯದೂ ಬೇಕು. ಅದೂ ಅಲ್ಲದೆ 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಸಾದಾ ಪ್ರೋಗ್ರಾಮನ್ನು ಯಂತ್ರವೇ ಬರೆದು ಕೊಡುತ್ತಿದೆ. ಅದು ಬರೆದದ್ದು ಸರಿಯೋ ತಪ್ಪೋ ಹೇಳಬಲ್ಲವಳಿಗೆ ಸಂಬಳ. ಬರೀ ಬಾಯಿಪಾಠ ಮಾಡಿದವಳು ಯಂತ್ರದ ಜೊತೆ ಪೈಪೋಟಿಗೆ ನಿಲ್ಲಬೇಕು.

ಆದ್ದರಿಂದ ತಾಯಂದಿರೇ, ಮಗಳನ್ನು ಸೇರಿಸಲು ಬಂದಾಗ ಎಷ್ಟು ಜನಕ್ಕೆ ನೌಕರಿ ಸಿಕ್ಕಿತೆಂದು ಮಾತ್ರ ಕೇಳಬೇಡಿ. ಡೇಟಾ ಸ್ಟ್ರಕ್ಚರ್ ಪಾಠ ಮಾಡುವವರು ಯಾರು, ವಾರಕ್ಕೆ ಎಷ್ಟು ತಾಸು ಲ್ಯಾಬಿನಲ್ಲಿ ಕೂಡಿಸುತ್ತೀರಿ ಎಂದು ಕೇಳಿ. ಪ್ರಿನ್ಸಿಪಾಲರು ಬೆರಗಾಗಿ ನೋಡಿದರೆ ನೋಡಲಿ. ಮತ್ತೆ, ಕೊನೆಯ ವರ್ಷ ಮಗಳು ಪ್ರಾಜೆಕ್ಟ್ ಕೊಳ್ಳಲು ದುಡ್ಡು ಕೇಳಿದರೆ ಕೊಡಬೇಡಿ. ವರನ ಕಡೆಯವರು ಆ ವಾರವೇ ಬರುವವರಿದ್ದರೆ, ಪರೀಕ್ಷೆ ಮುಗಿಸಿಕೊಂಡು ಬನ್ನಿರೆಂದು ಹೇಳಿ ಕಳಿಸಿ.