ಹೊಸ ವಿಚಾರಗಳೂ ಕನ್ನಡ ಗ್ರಂಥಗಳೂ

2025ನೆಯ ಇಸವಿಯ ಮೇ ತಿಂಗಳಲ್ಲಿ ಎರಡು ಸಂಗತಿಗಳು ನಡೆದವು. ಒಂದನ್ನು ಕನ್ನಡ ನಾಡೆಲ್ಲ ಕೊಂಡಾಡಿತು. ಇನ್ನೊಂದು ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಮೇ 20ರಂದು ಲಂಡನ್ನಿನಲ್ಲಿ ಶ್ರೀಮತಿ ಬಾನು ಮುಷ್ತಾಕರ ಹನ್ನೆರಡು ಕಥೆಗಳ ಇಂಗ್ಲಿಷ್ ಸಂಗ್ರಹವಾದ ‘ಹಾರ್ಟ್ ಲ್ಯಾಂಪ್’ ಗ್ರಂಥಕ್ಕೆ ಅಂತರರಾಷ್ಟ್ರೀಯ ಬೂಕರ್ ಪಾರಿತೋಷಕವು ದೊರೆಯಿತು. ಕನ್ನಡಕ್ಕೆ ಈ ಮನ್ನಣೆ ಇದೇ ಮೊದಲು. 50,000 ಪೌಂಡುಗಳಲ್ಲಿ ಅರ್ಧ ಲೇಖಕಿಯವರಿಗೆ, ಅರ್ಧ ಭಾಷಾಂತರಿಸಿದ ಶ್ರೀಮತಿ ದೀಪಾ ಭಾಸ್ತಿಯವರಿಗೆ. ಭಾಷಾಂತರಕಾರರು ಗ್ರಂಥಕರ್ತರಿಗೆ ಸರಿಸಮಾನರೆಂಬುದನ್ನು ಈ ಹಂಚಿಕೆಯೇ ಸಾರುತ್ತದೆ.

ಅದೇ ತಿಂಗಳ 4ರಂದು ದಿಲ್ಲಿಯಲ್ಲಿ ಕೇಂದ್ರ ಕೃಷಿ ಮಂತ್ರಿಗಳು, ವಂಶವಾಹಿಯನ್ನು ತಿದ್ದಿ ಸಿದ್ಧಪಡಿಸಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದರು. ವಂಶವಾಹಿಯನ್ನು ಗೊತ್ತಾದ ಸ್ಥಳದಲ್ಲಿಯೇ ಕತ್ತರಿಸಿ ತಿದ್ದುವ ವಿದ್ಯೆಗಾಗಿ ಶಾರ್ಪಾಂತ್ಯೆ, ಡೌಡ್ನಾ ಎಂಬ ಇಬ್ಬರು ವಿದುಷಿಯರು 2020ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದಿದ್ದರು. ಅನ್ಯ ಜೀವಿಯ ವಂಶವಾಹಿ ಸೇರದ ಇಂಥ ತಳಿಗಳಿಗೆ ಕುಲಾಂತರಿ ಬೆಳೆಗಳ ಕಟ್ಟುನಿಟ್ಟಿನ ನಿಯಮಗಳಿಂದ ಕೇಂದ್ರ ಸರಕಾರವು 2022ರಲ್ಲಿಯೇ ವಿನಾಯಿತಿಯನ್ನು ಕೊಟ್ಟಿತ್ತು. ಇಳುವರಿ ಹೆಚ್ಚುವದೆಂದು ತಳಿಗಳನ್ನು ರೂಪಿಸಿದ ವಿಜ್ಞಾನಿಗಳು ಹೇಳುತ್ತಾರೆ. ಪರೀಕ್ಷೆ ಸಾಲದೆಂದೂ, ಪೇಟೆಂಟಿನ ಹಕ್ಕುಗಳಿಂದ ಬೀಜದ ಸ್ವಾತಂತ್ರ್ಯಕ್ಕೆ ಕುಂದು ಬರುವದೆಂದೂ ವಿರೋಧಿಗಳು ಆಕ್ಷೇಪಿಸುತ್ತಾರೆ.

ಯಾವ ಪಕ್ಷವು ಸರಿಯೆಂದು ನಾವಿಲ್ಲಿ ತೀರ್ಪು ಕೊಡಹೊರಟಿಲ್ಲ. ತುಂಗಭದ್ರೆಯ ಕಾಲುವೆಯ ಕೆಳಗೆ ಭತ್ತ ಬೆಳೆಯುವ ರೈತನು ಈ ವ್ಯಾಜ್ಯದ ಮುಖ್ಯ ಕಕ್ಷಿದಾರನು. ಆದರೆ ವ್ಯಾಜ್ಯದ ಕಾಗದಪತ್ರಗಳು ಬಹುತರ ಇಂಗ್ಲಿಷಿನಲ್ಲಿವೆ. ತನಗೆ ತಿಳಿಯದ ನುಡಿಯಲ್ಲಿ ವಾದ ನಡೆದು ತೀರ್ಪಾದರೆ, ಅದಕ್ಕೆ ಅವನ ಸಮ್ಮತಿಯಿದೆಯೆಂದು ಹೇಳುವದು ಹೇಗೆ?

ಇಂಥ ವಿಷಯಗಳಿಗೆ ಕನ್ನಡವು ಸಾಲದೆಂಬ ಮಾತನ್ನು ನಾವು ಒಪ್ಪೆವು. ಬೆಳ್ಳಾವೆ ವೆಂಕಟನಾರಣಪ್ಪನವರೂ ಅವರ ಸಂಗಡಿಗರೂ 1918ರಲ್ಲಿಯೇ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ನಡೆಸಿ ತೋರಿಸಿದರು. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದರು. ಕೊರತೆಯಿರುವದು ನುಡಿಯಲ್ಲಲ್ಲ, ನಮ್ಮ ಉದ್ಯಮದಲ್ಲಿ.

ಹೊರಗೆ ಹೋದ ಗ್ರಂಥದಿಂದ ನುಡಿಗೆ ಕೀರ್ತಿ ಬರುವದು. ಒಳಗೆ ಬಂದ ವಿಚಾರದಿಂದ ಬಲ ಬರುವದು. ಕಥೆಯನ್ನು ಇಂಗ್ಲಿಷಿಗೆ ಒಯ್ದವರಿಗೆ ಸಂದ ಗೌರವವು ಶಾಸ್ತ್ರವನ್ನೂ ರಾಜಕಾರಣವನ್ನೂ ಕನ್ನಡಕ್ಕೆ ತರುವವರಿಗೂ ಸಲ್ಲಬೇಕು. ವಿಶ್ವವಿದ್ಯಾಲಯಗಳು ಈ ಕಾರ್ಯಕ್ಕೆ ಹಣವನ್ನು ತೆಗೆದಿಡಲಿ. ಉಪಾಧ್ಯಾಯ ಬಾಂಧವರು ತಮ್ಮ ಊರ ಗ್ರಂಥಾಲಯದಲ್ಲಿ ಇಂಥ ಪುಸ್ತಕಗಳನ್ನು ಹೆಸರು ಹಿಡಿದು ಕೇಳಲಿ. ಕೇಳುವವರಿದ್ದಲ್ಲಿ ಬರೆಯುವವರು ಮುಂದೆ ಬಂದೇ ಬರುವರೆಂದು ನಮ್ಮ ನಂಬಿಗೆ.