ನೆಲ ನಿಜಕ್ಕೂ ಡೊಂಕಿದ್ದರೆ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೋತವರ ಬಾಯಿ ಮುಚ್ಚಿಸಲು ನಮ್ಮಲ್ಲಿ ಇದಕ್ಕಿಂತ ಹರಿತವಾದ ಗಾದೆಯಿಲ್ಲ. ಆದರೆ ನೆಲ ನಿಜಕ್ಕೂ ಡೊಂಕಿದ್ದರೆ? ಅದೇ ಡೊಂಕು ನೆಲದ ಮೇಲೆ ಪಕ್ಕದವಳು ಸೊಗಸಾಗಿ ಕುಣಿಯುತ್ತಿದ್ದರೆ? ಫಾರ್ಮುಲಾ ಒನ್ ನೋಡುವವರಿಗೆ ಈ ಗೊಂದಲ ತಪ್ಪಿದ್ದಲ್ಲ. ಅಲ್ಲಿ ಒಂದು ತಂಡಕ್ಕೆ ಎರಡು ಕಾರು, ಇಬ್ಬರು ಚಾಲಕರು. ಕಾರು ಸರಿಯಿಲ್ಲ ಎನ್ನುವವನ ಮಾತಿಗೆ ಉತ್ತರ ಪಕ್ಕದ ಗ್ಯಾರೇಜಿನಲ್ಲೇ ನಿಂತಿರುತ್ತದೆ.

ಡೇನಿಯಲ್ ರಿಕಾರ್ಡೊ 2021ರಲ್ಲಿ ಮೆಕ್ಲಾರೆನ್ ಸೇರಿದಾಗ ರೆಡ್ ಬುಲ್‌ನಲ್ಲಿ ಏಳು ರೇಸು ಗೆದ್ದಿದ್ದ ಹೆಸರು ಬೆನ್ನಿಗಿತ್ತು. ಕಡೇ ಗಳಿಗೆಯವರೆಗೆ ಬ್ರೇಕ್ ಒತ್ತದೆ ಎದುರಾಳಿಯ ಒಳಬದಿಗೆ ನುಗ್ಗುವುದರಲ್ಲಿ ಅವರಿಗೆ ಸಾಟಿಯಾದವರು ಕಡಿಮೆ. ಪಕ್ಕದ ಕಾರಿನಲ್ಲಿದ್ದ ಲ್ಯಾಂಡೊ ನಾರಿಸ್ ಹತ್ತು ವರ್ಷ ಕಿರಿಯರು, ಆವರೆಗೆ ಒಂದೂ ರೇಸು ಗೆದ್ದವರಲ್ಲ. ವರ್ಷದ ಕೊನೆಗೆ ನಾರಿಸ್‌ಗೆ 160 ಅಂಕ, ರಿಕಾರ್ಡೊಗೆ 115. ಮೊನಾಕೊದಲ್ಲಂತೂ ಮೂರನೆಯವರಾಗಿ ಮುಗಿಸಿದ ನಾರಿಸ್ ಇವರನ್ನು ಒಂದಿಡೀ ಸುತ್ತು ಹಿಂದೆ ಹಾಕಿದರು. 2018ರಲ್ಲಿ ಶಕ್ತಿ ಕುಂದಿದ ಎಂಜಿನ್ನನ್ನೇ ಸಂಭಾಳಿಸಿಕೊಂಡು ರಿಕಾರ್ಡೊ ಗೆದ್ದಿದ್ದದ್ದು ಇದೇ ಮೊನಾಕೊವನ್ನು. 2022 ಇನ್ನೂ ಕೆಟ್ಟಿತು: 122ಕ್ಕೆ 37. ಒಪ್ಪಂದದ ಒಂದು ವರ್ಷ ಬಾಕಿಯಿರುವಾಗಲೇ, ಆಗಸ್ಟ್ ತಿಂಗಳಲ್ಲಿ, ಬೇರ್ಪಡುವ ಸುದ್ದಿ ಹೊರಬಿತ್ತು.

ಆ ಕಾರನ್ನು ಓಡಿಸಲು ಬೇರೆಯದೇ ರೀತಿ ಬೇಕು ಎಂದು ತಂಡದವರೇ ಒಪ್ಪಿಕೊಂಡಿದ್ದರು. ತಿರುವಿನೊಳಗೆ ಅದರ ಮೂತಿ ತಿರುಗಬೇಕಾದರೆ ಬ್ರೇಕಿನ ಮೇಲಿನ ಕಾಲನ್ನು ಪೂರ್ತಿ ಬಿಡುವಂತಿರಲಿಲ್ಲ. ರಿಕಾರ್ಡೊ ಪಳಗಿದ್ದು ಇದಕ್ಕೆ ತದ್ವಿರುದ್ಧವಾಗಿ, ಬ್ರೇಕ್ ಬಿಟ್ಟು ವೇಗವನ್ನು ತಿರುವಿನೊಳಕ್ಕೆ ಹರಿಯಬಿಡುವುದರಲ್ಲಿ. ದೋಷ ಗೊತ್ತಾದ ಮೇಲೆ ತಿದ್ದಿಕೊಳ್ಳಬಹುದಿತ್ತಲ್ಲ ಎಂದು ಕೇಳುವವರು, ಚೇತಕ್ ಸ್ಕೂಟರನ್ನು ಇಪ್ಪತ್ತು ವರ್ಷ ಓಡಿಸಿ ಆಕ್ಟಿವಾಗೆ ಬಂದವರನ್ನು ಮಾತಾಡಿಸಬೇಕು. ಅಲ್ಲಿ ಎಡಗೈಗೆ ಸಿಗುತ್ತಿದ್ದದ್ದು ಕ್ಲಚ್ಚು, ಇಲ್ಲಿ ಅದೇ ಜಾಗದಲ್ಲಿ ಬ್ರೇಕು. ಖಾಲಿ ರಸ್ತೆಯಲ್ಲಿ ಎಲ್ಲ ನೆನಪಿರುತ್ತದೆ. ನಾಯಿ ಅಡ್ಡ ಬಂದಾಗ ಮಾತ್ರ ಬಲಗಾಲು ಇಲ್ಲದ ಪೆಡಲನ್ನು ಹುಡುಕುತ್ತದೆ. ನನ್ನದು ಈಗಲೂ ಹುಡುಕುತ್ತದೆ. ಮೈಗೆ ಹತ್ತಿದ ವಿದ್ಯೆಯನ್ನು ಬುದ್ಧಿ ಹೇಳಿ ಬಿಡಿಸಲಾಗದು. ಪ್ರತಿ ತಿರುವಿನಲ್ಲೂ 'ಈಗ ಕಾಲು ಬಿಡಬಾರದು' ಎಂದು ತನಗೆ ತಾನೇ ಹೇಳಿಕೊಳ್ಳುವವನು ಆ ಹೇಳಿಕೊಳ್ಳುವಷ್ಟರಲ್ಲೇ ಹಿಂದೆ ಬಿದ್ದಿರುತ್ತಾನೆ. ಹೊಸದನ್ನು ಮೈಗೂಡಿಸಿಕೊಳ್ಳಲು ಸಮಯವಾದರೂ ಎಲ್ಲಿತ್ತು? 2021ರ ಋತುವಿಗೆ ಮುನ್ನ ಬಹರೇನಿನಲ್ಲಿ ಸಿಕ್ಕ ಪರೀಕ್ಷಾ ಓಟ ಮೂರೇ ದಿನ, ಅದರಲ್ಲೂ ಇಬ್ಬರಿಗೆ ಪಾಲು. ಮರುವರ್ಷ ಅಲ್ಲಿನ ಪರೀಕ್ಷೆಯ ಹೊತ್ತಿಗೆ ರಿಕಾರ್ಡೊಗೆ ಕೋವಿಡ್.

ಹಾಗೆಂದು ಎಲ್ಲವನ್ನೂ ಕಾರಿನ ತಲೆಗೆ ಕಟ್ಟಲು ಕಾರ್ಲೋಸ್ ಸೈಂಜ್ ಬಿಡುವುದಿಲ್ಲ. ರಿಕಾರ್ಡೊ ಬಂದು ಕೂತ ಸೀಟಿನಿಂದಲೇ ಎದ್ದು ಫೆರಾರಿಗೆ ಹೋದವರು ಅವರು. ಅವರಿಗೂ ಹೊಸ ಕಾರು, ಅವರಿಗೂ ಅಷ್ಟೇ ದಿನ. ಆದರೂ ಮೊದಲ ವರ್ಷವೇ 164.5 ಅಂಕ ಗಳಿಸಿ, ಅಲ್ಲಿ ಬೇರೂರಿದ್ದ ಲೆಕ್ಲೇರ್ ಅವರ 159ನ್ನು ದಾಟಿದರು. ಒಗ್ಗಿಕೊಳ್ಳುವುದೂ ಒಂದು ವಿದ್ಯೆ, ಅದು ವೇಗಕ್ಕಿಂತ ಬೇರೆ. ರಿಕಾರ್ಡೊ ಅವರಲ್ಲಿ ಎರಡನೆಯದು ಹೇರಳವಾಗಿತ್ತು, ಮೊದಲನೆಯದು ಸಾಲಲಿಲ್ಲ ಎಂದೇ ನನಗನ್ನಿಸುವುದು.

ಈ ಕಥೆಯ ಇನ್ನೊಂದು ಮುಖ ನಮ್ಮ ದೇಶದಲ್ಲೇ ಶುರುವಾಗುತ್ತದೆ. 2013ರ ಅಕ್ಟೋಬರ್ 27ರಂದು ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ರೆಡ್ ಬುಲ್‌ನ ಸೆಬಾಸ್ಟಿಯನ್ ವೆಟಲ್ ನಾಲ್ಕನೇ ವಿಶ್ವ ಪಟ್ಟ ಗೆದ್ದರು. ಕಾರನ್ನು ಹೊಗೆಯೆಬ್ಬಿಸಿ ಗಿರಗಿರನೆ ತಿರುಗಿಸಿ, ಇಳಿದು, ಅದರ ಮುಂದೆ ಮಂಡಿಯೂರಿ ಬಾಗಿದರು. ಥೇಟ್ ಆಯುಧಪೂಜೆ! ಮರುವರ್ಷ ನಿಯಮ ಬದಲಾಯಿತು. ಹೈಬ್ರಿಡ್ ಎಂಜಿನ್ ಬಂತು, ನಿಷ್ಕಾಸದ ಗಾಳಿಯಿಂದ ಕಾರಿನ ಹಿಂಭಾಗವನ್ನು ನೆಲಕ್ಕೆ ಒತ್ತುವ ತಂತ್ರ ಹೋಯಿತು. ವೆಟಲ್ ನೆಚ್ಚಿಕೊಂಡಿದ್ದದ್ದು ಆ ಒತ್ತಡವನ್ನೇ. ಹಿಂದಿನ ವರ್ಷ ಹದಿಮೂರು ರೇಸು ಗೆದ್ದವರು 2014ರಲ್ಲಿ ಒಂದನ್ನೂ ಗೆಲ್ಲಲಿಲ್ಲ. ಪಕ್ಕದ ಗ್ಯಾರೇಜಿಗೆ ಹೊಸದಾಗಿ ಬಂದಿದ್ದ ಹುಡುಗ ಮೂರು ಗೆದ್ದ. ಅಂಕ 238ಕ್ಕೆ 167. ಆ ಹುಡುಗ ಈ ರಿಕಾರ್ಡೊನೇ. ಅಂದು ಅದನ್ನು ನಾವೆಲ್ಲ ಪ್ರತಿಭೆ ಎಂದೆವು, ನೆಲ ಅವರ ಕಡೆಗೆ ವಾಲಿತ್ತು ಎಂದವರು ಕಡಿಮೆ. ಏಳು ವರ್ಷದ ಮೇಲೆ ಅದು ಆಚೆಗೆ ವಾಲಿದಾಗ ಮಾತ್ರ ಗಾದೆ ನೆನಪಾಯಿತು.

ಮೊನ್ಜಾವನ್ನು ಬಿಟ್ಟರೆ ಲೆಕ್ಕ ಪೂರ್ತಿಯಾಗದು. 2021ರ ಸೆಪ್ಟೆಂಬರ್ 12ರಂದು ಅಲ್ಲಿ ರಿಕಾರ್ಡೊ ಮೊದಲ ತಿರುವಿಗೇ ವರ್ಸ್ಟ್ಯಾಪನ್‌ರನ್ನು ಹಿಂದಿಕ್ಕಿ ಗೆದ್ದರು, ನಾರಿಸ್ ಎರಡನೆಯವರು. 2012ರ ಬ್ರೆಜಿಲ್ ನಂತರ ಮೆಕ್ಲಾರೆನ್‌ಗೆ ಅದೇ ಮೊದಲ ಗೆಲುವು. ಆ ವರ್ಷದ ಪಟ್ಟಕ್ಕೆ ಸೆಣಸುತ್ತಿದ್ದ ಹ್ಯಾಮಿಲ್ಟನ್ ಮತ್ತು ವರ್ಸ್ಟ್ಯಾಪನ್ ಒಬ್ಬರ ಮೇಲೊಬ್ಬರು ಬಿದ್ದದ್ದು ಅದೃಷ್ಟವೇ ಹೌದು. ಆದರೆ ಮೊನ್ಜಾ ಎಂದರೆ ಉದ್ದನೆಯ ನೇರ ದಾರಿ, ಕೊನೆಯಲ್ಲಿ ಬಲವಾದ ಬ್ರೇಕು. ಉದ್ದನೆಯ ತಿರುವುಗಳು ಕಡಿಮೆಯಿದ್ದಲ್ಲಿ ಕಾರಿನ ಡೊಂಕು ಅಷ್ಟಾಗಿ ಕಾಡಲಿಲ್ಲ.

ರಿಕಾರ್ಡೊ ಅವರ ಕೊನೆಯ ರೇಸು 2024ರ ಸಿಂಗಪುರ. ಆಗ ಅವರಿದ್ದದ್ದು ರೆಡ್ ಬುಲ್‌ನ ಕಿರಿಯ ತಂಡದಲ್ಲಿ. ಮುಗಿಯುವ ಹೊತ್ತಿಗೆ ಹೊಸ ಟೈರು ಹಾಕಿಸಿಕೊಂಡು ಇಡೀ ರೇಸಿನ ಅತಿ ವೇಗದ ಸುತ್ತನ್ನು ಹಾಕಿದರು. ಮುಗಿಸಿದ್ದು ಹದಿನೆಂಟನೆಯವರಾಗಿ. ಮುಂದಿನ ರೇಸಿಗೆ ಆ ಸೀಟಿನಲ್ಲಿ ಲಿಯಮ್ ಲಾಸನ್ ಕೂತಿದ್ದರು.